ಹರಿಯದೆ ಬಿಟ್ಟ ಡಬ್ಬಿ

ರಸ್ತೆಯುದ್ದಕ್ಕೂ ಹಸಿರು ನೀರು ತೊಟ್ಟಿಕ್ಕಿಸುತ್ತ ಆ ಹಳೆಯ ಕಾರು ಬೆಳಗಾವಿ ಉದ್ಯಮಬಾಗದ ನಮ್ಮ ಗ್ಯಾರೇಜಿಗೆ ಬಂದಾಗ ಶುಕ್ರವಾರ ಮಧ್ಯಾಹ್ನವಾಗಿತ್ತು. ಓಡಿಸುತ್ತಿದ್ದವರು ಖಾನಾಪುರದ ಗಿರಾಕಿ, ನಾವು ಚಿಕ್ಕಮ್ಮನಂತೆ ಕಂಡು ಮಾವಶಿ ಎನ್ನುವವರು. ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದವರು ಅವರ ಯಜಮಾನರು, ನಮಗೆಲ್ಲ ಕಾಕಾ. ಕಾಕಾ ಮೂವತ್ತು ವರ್ಷ ಖಾನಾಪುರದ ಹಂಚಿನ ಕಾರ್ಖಾನೆಯೊಂದರಲ್ಲಿ ಭಟ್ಟಿಯ ಮುಂದೆ ಕೂತು, ಸುಟ್ಟ ಹಂಚಿನಲ್ಲಿ ಒಳ್ಳೆಯದು ಕೆಟ್ಟದ್ದು ಬೇರ್ಪಡಿಸಿದವರು. ಈಗ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಬೆಳಗಾವಿಯ ಆಸ್ಪತ್ರೆಯಲ್ಲಿ ನಾಲ್ಕು ತಾಸು ಯಂತ್ರಕ್ಕೆ ರಕ್ತ ಕೊಟ್ಟು ವಾಪಸ್ ತೆಗೆದುಕೊಂಡರೆ ಮಾತ್ರ ಮುಂದಿನ ಎರಡು ದಿನ. ಬಸ್ಸಿನಲ್ಲಿ ನಿಲ್ಲುವ ಶಕ್ತಿ ಅವರಿಗಿರಲಿಲ್ಲ. ವಾರಕ್ಕೆ ಮೂರು ಸಲ ಬಾಡಿಗೆ ಗಾಡಿ ಮಾಡುವ ಶಕ್ತಿ ಮನೆಗಿರಲಿಲ್ಲ. ಹೀಗಾಗಿ ಮಾವಶಿ ಐವತ್ತೆಂಟನೆಯ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತರು. ಮಂದಿ ರಿಟೈರ್ ಆಗುವ ಹೊತ್ತಿಗೆ ತಾನು ಡ್ರೈವರ್ ಆದೆ ಎಂದು ಅವರೇ ನಗುತ್ತಿದ್ದರು.

ಕಲಿಸಿದವರು ನಮ್ಮ ಮೇಸ್ತ್ರಿ. ಗ್ಯಾರೇಜು ಅವರದು, ಸ್ಪ್ಯಾನರ್ ಹಿಡಿಯುವ ಕೈಯೂ ಅವರದು. ನನ್ನದು ಹುಡುಕುವ ಕೆಲಸ. ಯಾವ ಗಾಡಿಗೆ ಯಾವ ಭಾಗ ಬೇಕೋ ಅದನ್ನು ಆನ್‌ಲೈನಿನಲ್ಲಿ ಹುಡುಕಿ, ಅಸಲಿಯನ್ನೇ ಕಡಿಮೆ ಬೆಲೆಗೆ ತರಿಸುವುದು. ಶೋರೂಮಿನವರು ಇಲ್ಲ ಎಂದ ಮಾಲನ್ನು ನಾನು ಫೋನಿನಲ್ಲಿ ಹಿಡಿದು ತೋರಿಸಿದಾಗ ನನಗೆ ಎರಡು ಕೋಡು ಮೂಡುತ್ತಿದ್ದದ್ದು ನಿಜ. ಸುಳ್ಳೇಕೆ ಹೇಳಲಿ.

ಮೇಸ್ತ್ರಿ ಬಗ್ಗಿ ನೋಡಿ ವಾಟರ್ ಪಂಪ್ ಹೋಗಿದೆ ಎಂದರು. ಇಂಜಿನ್ನಿನ ಸುತ್ತ ತಣ್ಣನೆಯ ನೀರನ್ನು ತಿರುಗಿಸುವುದು ಆ ಪಂಪಿನ ಕೆಲಸ. ಅದರ ಹೊಟ್ಟೆಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಒಳಗಿನ ಸೀಲು ಸವೆದರೆ ಅಲ್ಲಿಂದ ನೀರು ಹನಿಯುತ್ತದೆ. ಅಂದರೆ ಪಂಪು ನಾಲ್ಕು ದಿನ ಮೊದಲೇ ಹೇಳಿ ಸಾಯುತ್ತದೆ. ಆ ಮಾದರಿಯ ಕಾರು ತಯಾರಾಗುವುದು ನಿಂತು ವರ್ಷಗಳಾಗಿದ್ದವು. ಶೋರೂಮಿಗೆ ಫೋನು ಮಾಡಿದರೆ, ಬರೆದುಕೊಳ್ಳುತ್ತೇವೆ, ಒಂದು ತಿಂಗಳಾಗಬಹುದು, ಬರದೆಯೂ ಇರಬಹುದು ಎಂದರು.

ಮೇಸ್ತ್ರಿ ಬೇರೆ ದಾರಿ ಹೇಳಿದರು. "ಉದ್ಯಮಬಾಗದಾಗ ಲೇಥಿಗೇನು ಬರ ಐತಿ? ಇದರದ ಬೇರಿಂಗು, ಸೀಲು ಬದಲಿ ಮಾಡಸೂಣು. ಹಳೀದು ಬೀಡುಕಬ್ಬಿಣದ್ದು, ಗಟ್ಟಿ ಐತಿ."

ನಾನು ಒಪ್ಪಲಿಲ್ಲ. ಜೀವ ಕೈಯಲ್ಲಿ ಹಿಡಿದು ಓಡಾಡುವ ಮನುಷ್ಯನ ಗಾಡಿಗೆ ತೇಪೆ ಹಾಕುವುದೇ ಎಂದೆ. ಹಾಗೆ ಅಂದದ್ದು ಕಾಕಾರ ಮೇಲಿನ ಪ್ರೀತಿಯಿಂದ ಎಂದು ಅಂದು ನಾನೂ ನಂಬಿದ್ದೆ. ಮಾವಶಿಗೆ ಎರಡು ಕ್ಯಾನ್ ನೀರು ಕೊಟ್ಟು, ಹೊರಡುವ ಮುಂಚೆ ಪ್ರತಿ ಸಲ ನೋಡಿ ತುಂಬಿಸಿಕೊಳ್ಳಿ, ಗುರುವಾರದೊಳಗೆ ಒರಿಜಿನಲ್ ಪಂಪು ತರಿಸಿ ಕೊಡುವುದು ನನ್ನ ಹೊಣೆ ಎಂದು ಕಳಿಸಿದೆ.

ಹುಡುಕುವುದಕ್ಕೆ ನನ್ನದೇ ಒಂದು ಕ್ರಮವಿದೆ. ವಾಟರ್ ಪಂಪ್ ಎಂದು ಬರೆದು ಹುಡುಕುವುದು ಹೊಸಬರ ಕೆಲಸ. ಹಾಗೆ ಮಾಡಿದರೆ ಊರಿನ ನಕಲಿ ಮಾಲೆಲ್ಲ ಮೈಮೇಲೆ ಬೀಳುತ್ತದೆ. ನಾನು ಮೊದಲು ಚಾಸಿ ನಂಬರಿನಿಂದ ಕಂಪನಿಯ ಪಟ್ಟಿಯಲ್ಲಿ ಆ ಭಾಗದ ನಂಬರು ತೆಗೆಯುತ್ತೇನೆ. ಹಳೆಯ ಗಾಡಿಯಾದರೆ ಕಂಪನಿ ಆ ನಂಬರನ್ನು ನಡುವೆ ಬದಲಾಯಿಸಿರುತ್ತದೆ. ಹಳೆಯ ನಂಬರನ್ನೂ ಬರೆದುಕೊಂಡು ಅದರಿಂದಲೇ ಹುಡುಕುತ್ತೇನೆ. ಅಗ್ಗದ ಅಸಲಿ ಮಾಲು ಅಡಗಿರುವುದೇ ಅಲ್ಲಿ. ಯಾವುದೋ ಊರಿನ ವ್ಯಾಪಾರಿಯ ಗೋದಾಮಿನಲ್ಲಿ ಯಾರೂ ಕೇಳದೆ ಕೂತ ಮಾಲು, ಜಾಗ ಖಾಲಿಯಾದರೆ ಸಾಕೆಂದು ಅವನು ಬಂದ ಬೆಲೆಗೆ ಬಿಡುತ್ತಾನೆ. ಕಂಪನಿಯ ಚಿತ್ರವನ್ನೇ ಎತ್ತಿ ಹಾಕಿದ ಮಾರಾಟಗಾರನನ್ನು ನಾನು ನಂಬುವುದಿಲ್ಲ. ಅಂದಿನ ಪತ್ರಿಕೆಯ ಮೇಲೆ ಡಬ್ಬಿ ಇಟ್ಟು ನಾಲ್ಕು ಕಡೆಯಿಂದ ಫೋಟೊ ಕಳಿಸಲು ಹೇಳುತ್ತೇನೆ. ಲೇಬಲ್ಲಿನ ಅಕ್ಷರ, ಪ್ಯಾಕ್ ಮಾಡಿದ ತಿಂಗಳು, ಹೊಳೆಯುವ ಚೀಟಿ, ಎಲ್ಲ ದೊಡ್ಡದು ಮಾಡಿ ನೋಡುತ್ತೇನೆ.

ಶನಿವಾರ ಸಂಜೆಯ ಹೊತ್ತಿಗೆ ಹಳೆಯ ನಂಬರಿನಲ್ಲಿ ಒಂದು ಪಂಪು ಸಿಕ್ಕಿತು. ದೇಶದಲ್ಲೇ ಅದೊಂದು ಉಳಿದಂತಿತ್ತು. ಬೆಲೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಾರಾಟಗಾರ ಕೇಳಿದ ಫೋಟೊಗಳನ್ನೆಲ್ಲ ತಕ್ಷಣ ಕಳಿಸಿದ. ಡಬ್ಬಿಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ತರಿಸಿದೆ.

ಬುಧವಾರ ಪಾರ್ಸಲ್ ಬಂತು. ಫೋನಿನಲ್ಲಿ ವಿಡಿಯೊ ಮಾಡುತ್ತ ಬಿಚ್ಚಿದೆ. ಡಬ್ಬಿಯ ಮೇಲಿನ ಚೌಕಾಕಾರದ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ, ಇದು ನಮ್ಮ ಕಂಪನಿಯ ಅಸಲಿ ಭಾಗ ಎಂಬ ಹಸಿರು ಗುರುತು ಮೂಡಿತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಈ ಕೋಡನ್ನು ಹಿಂದೆ ಒಮ್ಮೆ ಪರಿಶೀಲಿಸಲಾಗಿದೆ. ಮಾರುವವನು ತಾನೂ ಒಮ್ಮೆ ನೋಡಿಕೊಂಡಿರಬೇಕು, ಪ್ರಾಮಾಣಿಕ ಮನುಷ್ಯ ಎಂದುಕೊಂಡೆ. ಆ ಸಾಲನ್ನು ಓದಿದ್ದು ನನಗೆ ಚೆನ್ನಾಗಿ ನೆನಪಿದೆ. ಓದದೆ ಬಿಟ್ಟಿದ್ದರೆ ಈಗ ಇಷ್ಟು ನೋಯುತ್ತಿರಲಿಲ್ಲ.

ಗುರುವಾರ ಕಾಕಾರೂ ಬಂದರು. ಡಯಾಲಿಸಿಸ್ ಇಲ್ಲದ ದಿನ ಅವರಿಗೆ ಸ್ವಲ್ಪ ಜೀವ ಇರುತ್ತಿತ್ತು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಮೇಸ್ತ್ರಿಯ ಕೆಲಸ ನೋಡುತ್ತ ಕೂತರು. ಮೇಸ್ತ್ರಿ ಬೆಲ್ಟು ಕಳಚಿ, ಹಳೆಯ ಪಂಪನ್ನು ಬಿಚ್ಚಿ ಬೆಂಚಿನ ಮೇಲಿಟ್ಟರು. ನಾನು ಹೊಸದನ್ನು ತಂದು ಬಾಜುವಿನಲ್ಲಿಟ್ಟೆ, ಮದುಮಗಳನ್ನು ತೋರಿಸಿದ ಹಾಗೆ. ಸಿಕ್ಕ ಬೆಲೆಯನ್ನು ಎರಡು ಸಲ ಹೇಳಿದೆ. ಮಾವಶಿ ನನ್ನ ತಲೆ ಸವರಿ, ಹೆತ್ತ ಮಗನೂ ಇಷ್ಟು ಮಾಡಲಿಕ್ಕಿಲ್ಲ ಎಂದರು.

ಕಾಕಾ ಎದ್ದು ಬಂದರು. ಕಾರಿನ ಕೀಲಿಯನ್ನು ಕೈಯಲ್ಲಿ ಹಿಡಿದು ಹಳೆಯ ಪಂಪಿನ ಒಳಗಿನ ರೆಕ್ಕೆಚಕ್ರಕ್ಕೆ ಮೆಲ್ಲಗೆ ಬಡಿದರು. ಆಮೇಲೆ ಹೊಸದಕ್ಕೆ ಬಡಿದರು. ಮತ್ತೆ ಹಳೆಯದಕ್ಕೆ. ಮೂವತ್ತು ವರ್ಷ ದಿನಕ್ಕೆ ಸಾವಿರಾರು ಹಂಚು ಹೀಗೆಯೇ ಬಡಿದು, ಕಿವಿಯಿಂದಲೇ ಸೀಳು ಹಿಡಿದವರು ಅವರು.

"ತಮ್ಮಾ, ಇದರ ದನಿ ಬ್ಯಾರೆ ಐತಿ. ಅರೆಬೆಂದ ಹಂಚಿನಂಗ ಕೇಳತೈತಿ."

"ಕಾಕಾ, ಇದು ಹಂಚಲ್ಲರೀ," ಎಂದು ನಕ್ಕೆ. "ಡಬ್ಬಿ ನೋಡ್ರಿ. ಕಂಪನೀದ ಖರೇ ಡಬ್ಬಿ ಐತಿ."

"ಡಬ್ಬಿ ಖರೇ ಐತಪಾ. ನಾ ಒಳಗಿಂದ ಹೇಳಾಕತ್ತೇನಿ."

ನಾನು ಫೋನು ತೆಗೆದು ಹಸಿರು ಗುರುತನ್ನು ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಹೂಂ ಎಂದು ಹೋಗಿ ಕುರ್ಚಿಯಲ್ಲಿ ಕೂತರು. ಮೇಸ್ತ್ರಿ ಪಂಪು ಕೂರಿಸಿ, ಬೆಲ್ಟು ಬಿಗಿದು, ಹೊಸ ನೀರು ತುಂಬಿ, ಇಂಜಿನ್ನು ಅರ್ಧ ತಾಸು ಓಡಿಸಿದರು. ಒಂದು ಹನಿಯೂ ಸೋರಲಿಲ್ಲ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುಮಧ್ಯ ನಿಂತಿತ್ತು.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಒಂದು ಪದ್ಧತಿಯಿದೆ. ಬಿಚ್ಚಿದ ಹಳೆಯ ಭಾಗವನ್ನು ಹೊಸದರ ಡಬ್ಬಿಯಲ್ಲೇ ಹಾಕಿ ಗಿರಾಕಿಯ ಕೈಗೆ ಕೊಡಬೇಕು. ನಿಮ್ಮದು ಬದಲಾಗಿದೆ, ಹಾಕಿದ್ದು ಒರಿಜಿನಲ್, ಎರಡಕ್ಕೂ ಇದೇ ಸಾಕ್ಷಿ. ಅದಕ್ಕಾಗಿ ನಾನು ಡಬ್ಬಿಗಳನ್ನು ಎಂದೂ ಹರಿಯುತ್ತಿರಲಿಲ್ಲ. ಬ್ಲೇಡಿನಿಂದ ಟೇಪು ಮಾತ್ರ ಸೀಳಿ, ಮೂಲೆ ಬಾಗದಂತೆ ತೆಗೆಯುತ್ತಿದ್ದೆ. ಒಂದರದ್ದು ಇನ್ನೊಂದಕ್ಕೆ ಹೋಗದಿರಲೆಂದು ತಳದ ಮಡಿಕೆಯ ಒಳಗೆ ಪೆನ್ಸಿಲಿನಲ್ಲಿ ಗಾಡಿಯ ಕೊನೆಯ ನಾಲ್ಕು ಅಂಕಿ ಬರೆಯುತ್ತಿದ್ದೆ. ಅಂದು ಗ್ಯಾರೇಜಿನಲ್ಲಿ ಬೇರೆ ಕೆಲಸವಿರಲಿಲ್ಲವಾದ್ದರಿಂದ ಬರೆಯದೆ, ಹಳೆಯ ಪಂಪನ್ನು ಹಾಗೇ ಡಬ್ಬಿಗೆ ಹಾಕಿ ಕಾಕಾರ ತೊಡೆಯ ಮೇಲಿಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಊರಿಗೆ ಹೋದರು.

ಹದಿನೆಂಟು ದಿನ ಕಾರು ಚೆನ್ನಾಗಿ ಓಡಿತು.

ಹತ್ತೊಂಬತ್ತನೆಯ ದಿನ ಸೋಮವಾರ. ಡಯಾಲಿಸಿಸ್‌ನವರಿಗೆ ಸೋಮವಾರ ಕಷ್ಟದ ದಿನ. ನಡುವೆ ಎರಡು ದಿನ ಅಂತರ ಬಿದ್ದು ಮೈಯಲ್ಲಿ ನೀರು ತುಂಬಿರುತ್ತದೆ. ಬೆಳಿಗ್ಗೆ ಮಾವಶಿಯ ಫೋನು ಬಂತು. ದೇಸೂರು ದಾಟಿ ಪೀರನವಾಡಿಯ ಕಡೆ ಬರುತ್ತಿದ್ದಾಗ ಬಿಸಿಯ ಮುಳ್ಳು ಕೆಂಪಿಗೆ ಹೋಗಿದೆ, ಹೊಗೆ ಬರುತ್ತಿದೆ, ಮೇಸ್ತ್ರಿ ಕಲಿಸಿದಂತೆ ಇಂಜಿನ್ನು ಬಂದ್ ಮಾಡಿ ಬದಿಗೆ ನಿಲ್ಲಿಸಿದ್ದೇನೆ ಎಂದರು. ದನಿಯಲ್ಲಿ ಗಾಬರಿಯಿರಲಿಲ್ಲ. ಪಂಪು ಹೊಸದು, ಪೈಪು ಒಡೆದಿರಬೇಕು ಎಂದು ನನ್ನ ತಲೆಗೆ ಬಂತು. ಅಲ್ಲೇ ಇರ್ರಿ, ಪೈಪು ತಗೊಂಡು ಬಂದೆ ಎಂದೆ. ಗಾಡಿ ಬಿಟ್ಟು ಸಿಕ್ಕ ಟೆಂಪೊ ಹತ್ತಿ ಆಸ್ಪತ್ರೆಗೆ ಹೋಗಿ ಎನ್ನಬೇಕಿತ್ತು. ನನಗೆ ಕಂಡದ್ದು ಗಾಡಿ, ಒಳಗೆ ಕೂತ ಮನುಷ್ಯನಲ್ಲ.

ಪೈಪು ಹುಡುಕಿ, ಬೈಕಿನಲ್ಲಿ ಅಲ್ಲಿಗೆ ಹೋಗುವಷ್ಟರಲ್ಲಿ ಮುಕ್ಕಾಲು ತಾಸು. ಪೈಪು ಎಲ್ಲೂ ಒಡೆದಿರಲಿಲ್ಲ. ಸೋರಿಕೆಯೂ ಇರಲಿಲ್ಲ. ಕಾಕಾ ಬಾಗಿಲು ತೆರೆದು, ಮೊಣಕಾಲ ಮೇಲೆ ಕೈಯೂರಿ, ಮುಂದಕ್ಕೆ ಬಾಗಿ ಉಸಿರು ಎಳೆಯುತ್ತಿದ್ದರು. ಆಗ ನನಗೆ ಎಚ್ಚರವಾಯಿತು. ಒಂದು ಟೆಂಪೊ ಅಡ್ಡಗಟ್ಟಿ ಅವರನ್ನು ಎತ್ತಿ ಕೂರಿಸಿದೆವು. ಆಸ್ಪತ್ರೆ ಮುಟ್ಟಿದಾಗ ಅವರ ಪಾಳಿ ದಾಟಿ, ಆ ಯಂತ್ರಕ್ಕೆ ಇನ್ನೊಬ್ಬರು ಮಲಗಿದ್ದರು. ಅವರೂ ಪಾಪ ಕಾಕಾರಂಥವರೇ. ಎಬ್ಬಿಸಲು ಬರುವುದಿಲ್ಲ. ಇನ್ನೊಂದು ಯಂತ್ರ ಖಾಲಿಯಾಗುವಷ್ಟರಲ್ಲಿ ಕಾಕಾರ ಶ್ವಾಸಕೋಶಕ್ಕೆ ನೀರು ಏರಿತ್ತು. ಐಸಿಯುಗೆ ಹಾಕಿದರು.

ಮಂಗಳವಾರ ಮೇಸ್ತ್ರಿ ಪಂಪು ಬಿಚ್ಚಿದರು. ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ. ಮೇಸ್ತ್ರಿ ಬೆಲ್ಟು ಸುತ್ತುವ ಪುಲ್ಲಿಯನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಒಳಗಿನ ರೆಕ್ಕೆಚಕ್ರವನ್ನು ಒಂದೇ ಬೆರಳಿನಿಂದ ತಿರುಗಿಸಿದರು. ಮಕ್ಕಳ ಗಿರಗಿಟ್ಟಲೆಯ ಹಾಗೆ ಅದು ಸುಮ್ಮನೆ ತಿರುಗಿತು. ದಂಡದ ಮೇಲೆ ಅದರ ಹಿಡಿತವೇ ಇರಲಿಲ್ಲ. ಬೆಲ್ಟು ದಂಡವನ್ನು ತಿರುಗಿಸುತ್ತಿತ್ತು, ಚಕ್ರ ನಿಂತಲ್ಲೇ ನಿಂತಿತ್ತು, ನೀರು ಕುದಿಯುತ್ತಿತ್ತು. ಚಕ್ರವನ್ನು ಅರದಿಂದ ಉಜ್ಜಿದಾಗ ಬೂದು ಬಣ್ಣ ಸುಲಿದು ಕೆಳಗೆ ತೆಳು ತಗಡು ಕಂಡಿತು. ಬೀಡುಕಬ್ಬಿಣದ್ದಲ್ಲ. ಅರೆಬೆಂದ ಹಂಚು ಎಂದಿದ್ದರಲ್ಲ ಕಾಕಾ. ಮೇಸ್ತ್ರಿ ಅದನ್ನು ನನ್ನ ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದರು.

ನನಗೆ ಕಣ್ಣು ಕತ್ತಲಾಗುವಷ್ಟು ಸಿಟ್ಟು ಬಂತು. ಮಾರಾಟಗಾರನನ್ನು ಬಿಡುವುದಿಲ್ಲ ಎಂದು ಆ ಜಾಲತಾಣಕ್ಕೆ ವಿಡಿಯೊ ಸಮೇತ ದೂರು ಬರೆದೆ. ಡಬ್ಬಿಯ ಎಲ್ಲ ಬದಿಯ ಫೋಟೊ ಕಳಿಸಿ ಎಂದು ಉತ್ತರ ಬಂತು. ಡಬ್ಬಿ ಖಾನಾಪುರದಲ್ಲಿತ್ತು. ಬುಧವಾರ ಐಸಿಯು ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಾವಶಿಯನ್ನು ಕೇಳಿದೆ. ಯಾಕೆ ಎನ್ನಲಿಲ್ಲ ಅವರು. ಸೊಂಟದಿಂದ ಮನೆಯ ಕೀಲಿ ಬಿಚ್ಚಿ, ಕಪಾಟಿನಲ್ಲಿ ಆಸ್ಪತ್ರೆಯ ಕಾಗದಗಳ ಬಾಜುವಿಗೆ ಇದೆ ಎಂದು ನನ್ನ ಕೈಗಿಟ್ಟರು.

ಹೇಳಿದಲ್ಲೇ ಇತ್ತು. ಒಳಗಿನ ಹಳೆಯ ಪಂಪನ್ನು ಯಾರೋ ಸೀಮೆಎಣ್ಣೆ ಹಚ್ಚಿ ಒರೆಸಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ಕಾಕಾರೇ ಇರಬೇಕು. ಅದನ್ನು ಪಕ್ಕಕ್ಕಿಟ್ಟು, ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲೆ, ಬದಿಗೆ ಫೋಟೊ ತೆಗೆದೆ. ತಳದ ಫೋಟೊ ಉಳಿದಿತ್ತು. ಬಂದ ದಿನ ಮೇಲಿನಿಂದ ಬಿಚ್ಚಿದ್ದೆನೇ ಹೊರತು ತಳ ನೋಡಿರಲಿಲ್ಲ. ತಿರುವಿ ತಳದ ಮಡಿಕೆ ಬಿಚ್ಚಿದೆ.

ಒಳಗೆ ಪೆನ್ಸಿಲಿನಲ್ಲಿ ನಾಲ್ಕು ಅಂಕಿಗಳಿದ್ದವು. ಏಳಕ್ಕೆ ನಡುವೆ ಅಡ್ಡಗೆರೆ ಎಳೆಯುವುದು ನನ್ನ ಅಭ್ಯಾಸ. ಅಡ್ಡಗೆರೆಯಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಲಿಲ್ಲ. ಅದು ಸಾಂಬ್ರಾದ ಒಬ್ಬ ಗಿರಾಕಿಯ ಗಾಡಿಯ ಅಂಕಿ. ಹಿಂದಿನ ವರ್ಷ ಅದೇ ಮಾದರಿಯ ಕಾರಿಗೆ ನಾನೇ ಪಂಪು ತರಿಸಿ, ನಾನೇ ಆ ಕೋಡಿಗೆ ಫೋನು ಹಿಡಿದು ನೋಡಿದ್ದೆ. ಹಿಂದೆ ಒಮ್ಮೆ ಪರಿಶೀಲಿಸಿದವನು ನಾನು. ಆ ಗಿರಾಕಿ ಹಳೆಯ ಸಾಮಾನು ನನಗೇಕೆ ಎಂದು ಡಬ್ಬಿ ಬಿಟ್ಟು ಹೋಗಿದ್ದ. ಹಾಗೆ ಉಳಿದ ಡಬ್ಬಿಗಳು ಅಟ್ಟದ ಮೇಲೆ ಸೇರುತ್ತಿದ್ದವು. ನವರಾತ್ರಿಯ ಖಂಡೇಪೂಜೆಗೆ ಗ್ಯಾರೇಜು ತೊಳೆಯುವಾಗ ಅವನ್ನೆಲ್ಲ ಗುಜರಿಯವನಿಗೆ ಹಾಕುತ್ತಿದ್ದೆ. ಹರಿಯದ ಡಬ್ಬಿಯಾದರೆ ಅವನು ಕಬ್ಬಿಣಕ್ಕಿಂತ ಹೆಚ್ಚು ಕೊಡುತ್ತಿದ್ದ. ರದ್ದಿಗೆ ಕಬ್ಬಿಣಕ್ಕಿಂತ ಹೆಚ್ಚು ಯಾರು ಕೊಡುತ್ತಾರೆ ಎಂದು ನಾನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ನನ್ನ ಜಾಣತನಕ್ಕೆ ಮೆಚ್ಚಿ ಕೊಡುತ್ತಾನೆ ಎಂಬಂತೆ ಇಸಿದುಕೊಂಡಿದ್ದೆ. ಆ ಡಬ್ಬಿಗೇ ಯಾರೋ ನಕಲಿ ಪಂಪು ತುಂಬಿ ತಿರುಗಿ ನನಗೇ ಮಾರಿದ್ದರು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವರು ಕಾಕಾ. ಆ ಮನೆಯ ನೆಲದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಪಕ್ಕದ ಮನೆಯಾಕೆ ಬಂದು ಮರಾಠಿಯಲ್ಲಿ ಕಾಕಾರಿಗೆ ಹೇಗಿದೆ ಎಂದು ಕೇಳಿದಾಗ ಎದ್ದು, ಹಳೆಯ ಪಂಪನ್ನು ಕಪಾಟಿಗೆ ಮರಳಿಸಿದೆ.

ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಆಸ್ಪತ್ರೆಗೆ ಮರಳಿದೆ. ಐದು ನಿಮಿಷ ಒಳಗೆ ಬಿಟ್ಟರು. ಮುಖದ ಮೇಲೆ ಆಮ್ಲಜನಕದ ಮುಖವಾಡವಿತ್ತು. ಕಾಕಾ ಅದನ್ನು ಸ್ವಲ್ಪ ಸರಿಸಿ, "ಗಾಡಿ?" ಎಂದರು.

"ಆಗತೈತಿ ಕಾಕಾ," ಎಂದೆ.

ಇನ್ನೇನೋ ಕೇಳುವವರಂತೆ ನನ್ನ ಮುಖ ನೋಡಿದರು. ಹೇಳಬೇಕಾದ ಹೊತ್ತು ಅದು. ಡಬ್ಬಿ ಹೆಗಲಿನಲ್ಲೇ ಇತ್ತು. ನಾನು ಹೇಳಲಿಲ್ಲ. ನರ್ಸು ಬಂದು ಸಾಕು ಎಂದದ್ದೇ ನೆಪವಾಗಿ ಹೊರಗೆ ಬಂದೆ. ಶುಕ್ರವಾರ ಬೆಳಿಗ್ಗೆ ಕಾಕಾ ಲಿಂಗೈಕ್ಯರಾದರು. ಅವರ ಹೃದಯ ಮೊದಲೇ ದಣಿದಿತ್ತು, ಇಂದಲ್ಲ ನಾಳೆ ಆಗುವುದೇ ಇತ್ತು ಎಂದು ವೈದ್ಯರು ಹೇಳಿದರು. ಅವರ ಮಾತು ನಿಜವಿರಬಹುದು. ಆ ನಾಳೆ ಯಾವತ್ತು ಬರುತ್ತಿತ್ತೋ ನನಗೆ ಗೊತ್ತಿಲ್ಲ.

ಸಮಾಧಿ ಮಾಡಿ ಮಣ್ಣು ಹಾಕಿ ಬಂದ ಸಂಜೆ ಫೋನಿಗೆ ಸಂದೇಶ ಬಂತು. ನಿಮ್ಮ ಹಣ ಮರಳಿಸಲಾಗಿದೆ, ನಮ್ಮೊಂದಿಗಿನ ಅನುಭವಕ್ಕೆ ಎಷ್ಟು ನಕ್ಷತ್ರ ಕೊಡುವಿರಿ ಎಂದಿತ್ತು.

ಗುಜರಿಯವನ ಹತ್ತಿರ ಹೋದೆ. ಅವನು ಬಚ್ಚಿಡಲಿಲ್ಲ. ಹರಿಯದ ಡಬ್ಬಿ ಒಯ್ಯುವವರು ಬೇರೆ ಇದ್ದಾರೆ, ತಿಂಗಳಿಗೊಮ್ಮೆ ಬರುತ್ತಾರೆ, ಹೆಸರು ಕೇಳಿಲ್ಲ ಎಂದ. ನೀವು ಕೊಟ್ಟಿರಿ, ನಾವು ಒಯ್ದೆವು ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಕಂಪನಿಗೂ ಜಾಲತಾಣಕ್ಕೂ ಎಲ್ಲವನ್ನೂ ಬರೆದು ಕಳಿಸಿದೆ, ಡಬ್ಬಿ ನನ್ನ ಅಟ್ಟದಿಂದಲೇ ಹೋದದ್ದು ಎಂಬುದನ್ನೂ ಸೇರಿಸಿ.

ಮಾವಶಿಗೆ ಹೇಳುವುದೊಂದು ಉಳಿದಿತ್ತು. ಪಂಪು ನಕಲಿ ಎಂಬುದಷ್ಟೇ ಮೇಸ್ತ್ರಿಯಿಂದ ಅವರಿಗೆ ತಿಳಿದಿತ್ತು. ಮೇಸ್ತ್ರಿ ಬೇಡ ಎಂದರು. "ಹೇಳಿ ಏನ ಮಾಡ್ತಿ? ನಿನ್ನ ಎದೀ ಹಗುರ ಆಗತೈತಿ, ಆ ಭಾರ ಅವರು ಹೊರಬೇಕು." ಅವರು ಹೇಳಿದ್ದು ತೂಕದ ಮಾತೇ. ಒಂದು ವಾರ ಅದನ್ನೇ ಹಿಡಿದು ಸುಮ್ಮನಿದ್ದೆ. ಆದರೆ ಆ ವಾರದಲ್ಲಿ ಮಾವಶಿ ಎರಡು ಸಲ ಫೋನು ಮಾಡಿ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಮೋಸ ಮಾಡಿದವರು ಯಾರೋ, ನೀನೇನು ಮಾಡುತ್ತಿ ಎಂದು ನನ್ನನ್ನೇ ಸಂತೈಸಿದರು. ಅದನ್ನು ತಡೆದುಕೊಳ್ಳಲು ಆಗಲಿಲ್ಲ.

ಕಾಕಾರ ಹೆಸರಿನ ಶಿವಗಣಾರಾಧನೆ ಮುಗಿದ ಮರುದಿನ ಖಾನಾಪುರಕ್ಕೆ ಹೋದೆ. ಡಬ್ಬಿಯನ್ನು ಅವರ ಮುಂದಿಟ್ಟು ತಳದ ಮಡಿಕೆ ಬಿಚ್ಚಿ ಅಂಕಿ ತೋರಿಸಿದೆ. ಅಟ್ಟ, ಖಂಡೇಪೂಜೆ, ಗುಜರಿ, ಫೋನಿನಲ್ಲಿ ಓದಿ ಬಿಟ್ಟ ಸಾಲು, ಪೈಪು ಹುಡುಕಿದ ಮುಕ್ಕಾಲು ತಾಸು, ಐಸಿಯುನಲ್ಲಿ ಬಾಯಿ ಬಿಡದೆ ಬಂದದ್ದು, ಒಂದೂ ಬಿಡದೆ ಹೇಳಿದೆ. ಕಾಕಾ ಕೀಲಿಯಿಂದ ಬಡಿದಾಗ ನಾನು ನಕ್ಕದ್ದನ್ನು ಕೊನೆಗೆ ಹೇಳಿದೆ. ಅಳು ಬಂತು. ಅವರು ಅಳಲಿಲ್ಲ. ಡಬ್ಬಿಯನ್ನು ತಿರುವಿ ತಿರುವಿ ನೋಡಿದರು.

"ಅವತ್ತ ಮನೀಗೆ ಹೊಂಟಾಗ ದಾರ್ಯಾಗ ಇವರು ಅಂದ್ರು, ದನಿ ಸರಿ ಇಲ್ಲ ಅಂತ. ಮತ್ತ ಯಾಕ ಹಾಕಿಸ್ಕೊಂಡ್ರಿ ಅಂತ ನಾ ಕೇಳಿದ್ನಿ."

ಡಬ್ಬಿಯ ತಳವನ್ನು ಮೊದಲಿನಂತೆ ಮಡಚಿ ಕೆಳಗಿಟ್ಟರು. ನಾನು ನೆಲ ನೋಡುತ್ತಿದ್ದೆ.

"ಹುಡುಗ ಅಷ್ಟು ಖುಷೀಲೆ ತಂದಾನ, ಬ್ಯಾಡ ಅಂತ ಹೆಂಗ ಅನ್ನೂದು, ಅಂದ್ರು."

ಬೈಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಚಹಾ ಮಾಡಿ ತಂದಿಟ್ಟು, ಹಳೆಯ ಪಂಪನ್ನು ಪಂಚೆಯ ತುಂಡಿನ ಸಮೇತ ನನ್ನ ಕೈಗೆ ಕೊಟ್ಟರು. ಗಾಡಿ ಚಾಲೂ ಮಾಡಿ ತಂದುಕೊಡು ಎಂದರು.

ಮೇಸ್ತ್ರಿ ಮೊದಲ ದಿನ ಹೇಳಿದ್ದಂತೆ ಲೇಥಿನವರ ಹತ್ತಿರವೇ ಒಯ್ದೆ. ಬೇರಿಂಗು, ಸೀಲು ಬದಲಾಯಿಸಲು ಅವರಿಗೆ ಒಂದು ಮಧ್ಯಾಹ್ನ ಸಾಕಾಯಿತು. ಕಾದು ಬಾಗಿದ ಇಂಜಿನ್ನಿನ ತಲೆ ಬಿಚ್ಚಿ ಸರಿಮಾಡಲು ಮೇಸ್ತ್ರಿಗೆ ಒಂದು ವಾರ. ಆ ಹಳೆಯ ಪಂಪು ಈಗಲೂ ಆ ಕಾರಿನಲ್ಲಿದೆ. ಹನಿ ಸೋರಿಲ್ಲ. ಮಾವಶಿ ಸಂತೆಗೋ ಅಕ್ಕನ ಮನೆಗೋ ಹೋಗುವಾಗ ಓಡಿಸುತ್ತಾರೆ. ಸೋಮವಾರ, ಬುಧವಾರ, ಶುಕ್ರವಾರ ತೆಗೆಯುವುದಿಲ್ಲವಂತೆ.

ನಾನು ಇನ್ನೂ ಹುಡುಕುವ ಕೆಲಸದಲ್ಲೇ ಇದ್ದೇನೆ. ಬಂದ ಡಬ್ಬಿಯನ್ನು ಗಿರಾಕಿಯ ಎದುರಿಗೇ ನಾಲ್ಕು ತುಂಡು ಹರಿದು, ಹಳೆಯ ಭಾಗವನ್ನು ಬಟ್ಟೆಯಲ್ಲಿ ಕಟ್ಟಿಕೊಡುತ್ತೇನೆ. ಕೆಲವರಿಗೆ ಅದು ಹಿಡಿಸುವುದಿಲ್ಲ. ಡಬ್ಬಿ ಇಲ್ಲದ ಮೇಲೆ ಒರಿಜಿನಲ್ ಎಂದು ಹೇಗೆ ನಂಬುವುದು ಎಂದು ಬೇರೆ ಗ್ಯಾರೇಜಿಗೆ ಹೋದವರಿದ್ದಾರೆ. ಹರಿಯುವ ಮುಂಚೆ ಇನ್ನೊಂದು ಕೆಲಸ ಮಾಡುತ್ತೇನೆ. ಹಳೆಯದನ್ನೂ ಹೊಸದನ್ನೂ ಬೆಂಚಿನ ಮೇಲೆ ಜೋಡಿಸಿಟ್ಟು, ಕೀಲಿಯಿಂದ ಒಂದಕ್ಕೆ ಬಡಿಯುತ್ತೇನೆ, ಆಮೇಲೆ ಇನ್ನೊಂದಕ್ಕೆ. ಕಿವಿ ಹತ್ತಿರ ಒಯ್ದು ಕೇಳುತ್ತೇನೆ. ನನಗೆ ಎರಡೂ ಒಂದೇ ಥರ ಕೇಳುತ್ತವೆ.